ಕುಷ್ಟಗಿಯೊಳಗ ಆಡಬೇಕಿದ್ದ ಮ್ಯಾಚು

ಖಾದರ್ ಸರ್ ಅವರಿಗೆ,

ನಿಮ್ಮ ಗೋಲ್‌ಕೀಪರ್ ಮಂಜುಳಾ ಬರೀತಿರೂದು. ನೀವು ಹೋಗಿ ನಾಕು ವರ್ಷ ಆತು. ಇಷ್ಟು ದಿನ ನಿಮಗ ಹೇಳೂವಂಥಾ ಸುದ್ದಿ ನನ್ನ ಹತ್ರ ಇರಲಿಲ್ಲ ಸರ. ಈಗ ಐತಿ. ದೇಸಾಯಿ ಬಂದಿದ್ದ. ನಮ್ಮ ಕುಷ್ಟಗಿಗೆ, ನಮ್ಮ ಕಾಲೇಜಿನ ಮೈದಾನಕ್ಕ, ತನ್ನ ತಂಡ ಕರಕೊಂಡು ಹೋದ ಬುಧವಾರ ಬಂದಿದ್ದ. ನೀವು ಐದು ವರ್ಷ ಕರೆದ್ರೂ ಬರದಾಂವ, ನಾನು ಒಂದ ಸಲ ಹೂಂ ಅಂದದ್ದಕ್ಕ ಓಡಿ ಬಂದ. ಹೆಂಗ ಬಂದ, ಬಂದು ಏನಾತು ಅನ್ನೂದನ್ನ ಮೊದಲಿಂದ ಹೇಳ್ತೀನಿ. ಸಿಟ್ಟಿನ್ಯಾಗ ಬರೀತೀನಿ, ತಪ್ಪು ತಿಳೀಬ್ಯಾಡ್ರಿ. ಒಂಬತ್ತು ವರ್ಷದ ಸಿಟ್ಟು ಅದು.

ಆ ಮುಂಜಾನಿ ನಿಮಗ ನೆನಪೈತೇನ್ರಿ? ನಾವು ಹದಿಮೂರು ಹುಡುಗಿಯರು ಸಾಲಾಗಿ ನಿಂತು ಮೈದಾನದ ಕಲ್ಲು ಆರಿಸಾಕತ್ತಿದ್ದ್ವಿ. ದಿನಾ ಆರಿಸಿದ್ರೂ ದಿನಾ ಹೊಸಾ ಕಲ್ಲು ಎದ್ದು ಬರ್ತಿದ್ದ ನೆಲ ಅದು. ನೀವು ಕೈಯಾಗ ಒಂದು ಕಾಗದ ಹಿಡಕೊಂಡು ನಕ್ಕೋತ ಬಂದ್ರಿ. "ಕಾಲುವಿ ಕಡಿಂದ ಕರೆ ಬಂದೈತಿ. ಬುಧವಾರ ದೇಸಾಯಿಯವರ ಕಾಲೇಜಿನ ಜೋಡಿ ಮ್ಯಾಚು" ಅಂದ್ರಿ. ಅವರದು ಗಂಗಾವತಿ ಕಡಿ ದೊಡ್ಡ ಕಾಲೇಜು, ದೇಸಾಯಿ ಅಲ್ಲಿ ಫಿಜಿಕಲ್ ಡೈರೆಕ್ಟರ್, ಅವರ ಝೋನ್ ಬ್ಯಾರೆ. ಕುಷ್ಟಗಿ, ಯಲಬುರ್ಗಾ ಕಡಿ ಒಣ ಸೀಮಿ ಕಾಲೇಜು ಸೇರಿ ನಮ್ಮ ಝೋನ್ ಬ್ಯಾರೆ. ಅವರ ಜೋಡಿ ನಾವು ಆಡಬೇಕಂತ ಯಾವ ನಿಯಮಾನೂ ಇರಲಿಲ್ಲ. ಶನಿವಾರ ನಮ್ಮ ಝೋನಿನ ಕಡೀ ಮ್ಯಾಚು, ಗೆದ್ರ ನಾವ ಚಾಂಪಿಯನ್. ನಾನು ಕೇಳಿದೆ, "ಸರ, ಮೂರ ದಿನ ಉಳಿದಾಗ ಹೊರಗಿನವರ ಜೋಡಿ ಯಾಕ್ರಿ?" ನೀವು ಅಂದ್ರಿ, "ಹುಲ್ಲಿನ ಮ್ಯಾಗ ನೀವು ಒಂದ ಸಲಾನೂ ಆಡಿಲ್ಲ ಬೇಟಾ. ಯೂನಿವರ್ಸಿಟಿ ತಂಡ ಆರಿಸೂ ಸಾಹೇಬ್ರು ಅಲ್ಲಿಗೆ ಬರ್ತಾರಂತ. ಶರಣಮ್ಮ ಓಡೂದನ್ನ ಅವರು ನೋಡಬೇಕು. ಮುಂದಿನ ವರ್ಷ ದೇಸಾಯಿ ತನ್ನ ತಂಡ ತಗೊಂಡು ಇಲ್ಲಿಗೆ ಬರ್ತಾನ. ಬರದು ಕೊಟ್ಟಾನ, ನೋಡು." ನೀವು ತೋರಿಸಿದ ಕಾಗದದ ಕೆಳಗ ಅವನ ಸಹಿ ಇತ್ತು.

ಶರಣಮ್ಮ ಓಡೂದನ್ನ ಯಾರು ಮರೀತಾರ್ರಿ? ಹುಲಿಹೈದರದ ಕುರಿ ಸಾಕೂ ಮನಿಯಾಕಿ, ನನ್ನ ಹಾಸ್ಟೆಲಿನ ಗೆಳತಿ. ಎಡಗಡಿ ಗೆರಿ ಹಿಡಿದು ಬಾಲ್ ತಗೊಂಡು ಹೊಂಟ್ಲಂದ್ರ ಎದುರಿನವರು ತಿರುಗಿ ನೋಡೂದ್ರಾಗ ಮುಂದ ಇರ್ತಿದ್ಲು. ಆಕಿ ಸಲುವಾಗೇ ನೀವು ಆ ಮ್ಯಾಚ್ ಒಪ್ಪಿದ್ರಿ. ಅದು ನನಗ ಆಗ ತಿಳೀಲಿಲ್ಲ. ತಿಳಿದಿದ್ರ ನಿಮ್ಮ ಮ್ಯಾಗ ಅಷ್ಟು ವರ್ಷ ಮುನಿಸಿಕೊಂಡು...

ಬುಧವಾರ ಬಸ್ಸು ಭತ್ತದ ಗದ್ದಿ ನಡುವ ಹಾದು ಅವರ ಮೈದಾನದ ಮುಂದ ನಿಂತಾಗ ನಮ್ಮ ಹುಡುಗಿಯರು ಮೊದಲ ಬೂಟು ಬಿಚ್ಚಿದ್ರು. ಹುಲ್ಲಿನ ಮ್ಯಾಗ ಬರಿಗಾಲಿಲೆ ಅಡ್ಡಾಡಿ ನಕ್ಕರು. ಆ ನಗಿ ಅರ್ಧ ತಾಸು ಉಳೀಲಿಲ್ಲ. ಆಯ್ಕೆ ಮಾಡೂ ಸಾಹೇಬ್ರು ಬಂದಿರಲಿಲ್ಲ, ಬರೂ ಮಾತೂ ಇರಲಿಲ್ಲ. ಅವರ ತಂಡದಾಗ ಇಬ್ಬರು ಕಾಲೇಜು ಮುಗಿಸಿ ಎರಡು ವರ್ಷ ಆದವರಿದ್ರು. ರೆಫ್ರಿ ಅವರ ಕಾಲೇಜಿನಾಂವ. ಎಂಟನೇ ಗೋಲು ನನ್ನ ಕೈ ಸವರಿ ಒಳಗ ಹೋದಾಗ ನೀವು ಎದ್ದು ದೇಸಾಯಿ ಹತ್ರ ಹೋದ್ರಿ. ನಾನು ಗೋಲಿನ್ಯಾಗ ನಿಂತ ಕೇಳಿದೆ. "ದೇಸಾಯಿಯವರ, ಇನ್ನ ಸಾಕು ಮಾಡ್ರಿ. ಶನಿವಾರ ನನ್ನ ಹುಡುಗಿಯರು ಆಡೂದೈತಿ." ಅಂವ ಚಹಾ ಕುಡಿಯೂದು ಬಿಡಲಿಲ್ಲ. "ಖಾದರ್ ಸಾಹೇಬ್ರ, ನಮಗೂ ಶನಿವಾರ ದೊಡ್ಡ ಮ್ಯಾಚೈತಿ. ಕಾಲು ಬಿಸಿ ಮಾಡಿಕೊಳ್ಳಾಕ ನಿಮ್ಮನ್ನ ಕರೆದದ್ದು. ನೀವು ಏನಂತ ತಿಳಕೊಂಡು ಬಂದ್ರಿ?" ಅಂದ.

ಒಂಬತ್ತನೇ ಗೋಲು ಆದ ಮ್ಯಾಗ ಶರಣಮ್ಮಗ ಒಂದ ಸಲ ಬಾಲ್ ಸಿಕ್ತು. ಒಂದ ಸಲ. ಇಬ್ಬರನ್ನ ದಾಟಿದ್ಲು. ಕಾಲೇಜು ಮುಗಿಸಿದ ಆ ಇಬ್ಬರೊಳಗ ಒಬ್ಬಾಕಿ ಹಿಂದಿನಿಂದ ಬಂದು ಎರಡೂ ಕಾಲಿಲೆ ಆಕಿ ಮೊಣಕಾಲಿಗೆ ಬಿದ್ಲು. ಸಪ್ಪಳ ನನ್ನ ತನಕ ಬಂತು ಸರ, ನಾನು ಮೈದಾನದ ಆ ತುದಿಗಿದ್ದೆ. ರೆಫ್ರಿ ಸೀಟಿ ಊದಲಿಲ್ಲ. ನೀವು ಗೆರಿ ದಾಟಿ ಒಳಗ ಓಡಿದ್ರಿ, ಅವರು ಆಟ ನಿಲ್ಲಿಸದ ಇನ್ನೊಂದು ಗೋಲು ಹೊಡೆದ್ರು. ಆಮ್ಯಾಲ ಮತ್ತೊಂದು. ಹನ್ನೊಂದು.

ಶರಣಮ್ಮನ ಅವ್ವ ಕುಷ್ಟಗಿ ಆಸ್ಪತ್ರಿ ಬಾಗಿಲಿನ್ಯಾಗ ನಿಂತು ಅಂದ ಮಾತು ನೀವು ಸಾಯೂ ತನಕ ಮರತಿರಲಿಕ್ಕಿಲ್ಲ. "ಓಡಾಕಂತ ಕಳಿಸಿದ್ದೆ ಮಾಸ್ತರ. ಎತ್ತಿಕೊಂಡು ತಂದ್ರಿ." ನೀವು ತಲಿ ತಗ್ಗಿಸಿದ್ರಿ. ಶುಕ್ರವಾರ ನಾಕು ಹುಡುಗಿಯರ ಅಪ್ಪಂದಿರು ಬಂದು ಮಕ್ಕಳನ್ನ ಕರಕೊಂಡು ಹೋದ್ರು. ಇನ್ನಿಬ್ಬರಿಗೆ ಕಾಲು ಊದಿತ್ತು. ಶನಿವಾರ ಮೈದಾನಕ್ಕ ಇಳಿಯಾಕ ಆರ ಮಂದಿ ಉಳಿದಿದ್ದ್ವಿ, ಆಡದ ಸೋತ್ವಿ. ಹೊರಗಿನ ಮ್ಯಾಚ್ ಒಪ್ಪಿ ಕಾಲೇಜಿನ ಮಾನ ಕಳೆದ್ರಿ ಅಂತ ಪ್ರಿನ್ಸಿಪಾಲರು ನಿಮಗ ನೋಟಿಸ್ ಕೊಟ್ಟರು. ಹುಡುಗಿಯರ ಫುಟ್‌ಬಾಲ್ ಅಲ್ಲಿಗೆ ನಿಂತು ಹೋತು. ಶರಣಮ್ಮ ಡಿಗ್ರಿ ಅರ್ಧಕ್ಕ ಬಿಟ್ಟು ಊರಿಗೆ ಹೋದ್ಲು. ದೇಸಾಯಿ ಒಂದು ಫೋನ್ ಮಾಡಿ ಆ ಹುಡುಗಿ ಕಾಲು ಹೆಂಗೈತಿ ಅಂತ ಕೇಳಿದ್ನೇನು? ಕೇಳಿದ್ರ ನನಗ ಇಷ್ಟು ಉರೀತಿರಲಿಲ್ಲ.

ನೀವು ಪ್ರತಿ ವರ್ಷ ಅವನಿಗೆ ಕಾಗದ ಬರೀತಿದ್ರಿ. ನಾನು ಬಿ.ಪಿ.ಎಡ್. ಓದಾಕ ಹೋದಾಕಿ ರಜಾಕ್ಕ ಬಂದಾಗ ಒಮ್ಮೆ ಸ್ಪೋರ್ಟ್ಸ್ ರೂಮಿನ್ಯಾಗ ನೀವು ಬರೆಯೂದನ್ನ ನೋಡಿದೆ. 'ತಾವು ಒಪ್ಪಿದಂತೆ ತಮ್ಮ ತಂಡ ನಮ್ಮ ಮೈದಾನಕ್ಕೆ ಬರಬೇಕಾಗಿ ವಿನಂತಿ.' ನನಗ ಮೈ ಉರೀತು. "ತಂಡಾನ ಇಲ್ಲ ಸರ, ಯಾರ ಜೋಡಿ ಆಡ್ಸಾಕ ಕರೀತೀರಿ? ಅವನ ಕಾಲು ಹಿಡಿದಂಗಾತು ಇದು" ಅಂದೆ. ನೀವು ಟೊಪಿಗಿ ತೆಗೆದು ಮೇಜಿನ ಮ್ಯಾಗ ಇಟ್ಟು, "ಅಂವ ಬರ್ತೀನಿ ಅಂದ್ರ ತಂಡ ಕಟ್ಟಾಕ ನನಗ ನೆವ ಸಿಗ್ತೈತಿ, ಬೇಟಾ" ಅಂದ್ರಿ. ಅವನ ಉತ್ತರ ಬಂದದ್ದು ಒಂದ ಸಲ. ಆ ಜಾಲಿ ಮುಳ್ಳಿನ ಮೈದಾನಕ್ಕ ನಮ್ಮ ಹುಡುಗಿಯರನ್ನ ಕಳಿಸಾಕ ಬರೂದಿಲ್ಲ, ಅಂತ. ನೀವು ತೀರಿಕೊಂಡ ಮ್ಯಾಗ ನಾನು ನಿಮ್ಮ ಮನಿಗೆ ಹೋದಾಗ ಚಾಚಿ ಆ ಕಾಗದಗಳ ನಕಲು ಇಟ್ಟ ಫೈಲು ನನ್ನ ಕೈಗೆ ಕೊಟ್ಟರು. "ಇದನ್ನ ಯಾರಿಗೆ ಕೊಡಬೇಕಂತ ಹೇಳಿ ಹೋಗಲಿಲ್ಲ. ನಿನ್ನ ಹೆಸರು ಭಾಳ ಸಲ ತಗೀತಿದ್ರು" ಅಂದ್ರು. ಅದನ್ನ ಓದಿದಾಗ ಗೊತ್ತಾತು, ಪ್ರತಿ ಕಾಗದದಾಗೂ ನೀವು ಶರಣಮ್ಮನ ಕಾಲಿನ ಸುದ್ದಿ ಬರೆದಿದ್ರಿ. ಅಂವ ಕೇಳದಿದ್ರೂ ಬರೆದಿದ್ರಿ.

ನಮ್ಮ ಕಾಲೇಜಿಗೆ ನಾನು ಫಿಜಿಕಲ್ ಡೈರೆಕ್ಟರ್ ಆಗಿ ಬಂದು ಮೂರು ವರ್ಷ ಆತು. ಬಂದ ಮೊದಲನೇ ವಾರ ತಂಡ ಕಟ್ಟಾಕ ಹೊಂಟೆ. ದಾಳಿಂಬ್ರಿ ತ್ವಾಟಕ್ಕ ಹೋಗಿ ಕೂಲಿ ಮಾಡೂ ಅಪ್ಪಂದಿರ ಮುಂದ ನಿಂತೆ. ಒಬ್ಬಾಂವ ಕೇಳಿದ, "ಹಿಂದಕ್ಕ ಒಬ್ಬಾಕಿ ಕಾಲು ಮುರಕೊಂಡ್ಲಲ್ಲ, ಆ ಆಟಾನ?" ಹೌದ್ರಿ, ಅದ ಆಟ, ಅಂದೆ. ಒಪ್ಪಾಕ ಎಂಟು ತಿಂಗಳು ಹಿಡೀತು. ಮೊದಲ ವರ್ಷ ಎಲ್ಲಾ ಸೋತ್ವಿ, ಎರಡನೇ ವರ್ಷ ಒಂದು ಗೆದ್ವಿ. ಈ ವರ್ಷ ನಮ್ಮ ಝೋನಿನ್ಯಾಗ ನಾಕಕ್ಕ ನಾಕೂ ಗೆದ್ದು ಚಾಂಪಿಯನ್ ಆದ್ವಿ ಸರ. ಇದು ನಿಮಗ ಮೊದಲನೇ ಸುದ್ದಿ. ಇದೊಂದ ಆಗಿದ್ರೂ ಬರೀತಿದ್ದೆ.

ಹೋದ ಶನಿವಾರದ ಹಿಂದಿನ ಶನಿವಾರ ದೇಸಾಯಿ ಫೋನ್ ಬಂತು. ಅವನ ಝೋನಿನ್ಯಾಗ ಒಂದು ಕಾಲೇಜು ನಡುವ ಬಿಟ್ಟು ಹೋಗಿತ್ತು. ಹಂಗಾಗಿ ಅವನ ತಂಡ ಮೂರ ಮ್ಯಾಚ್ ಆಡಿತ್ತು. ನಾಕು ಮ್ಯಾಚ್ ಆಡದ ತಂಡ ಝೋನ್ ಗೆದ್ರೂ ಮುಂದಿನ ಹಂತಕ್ಕ ಕೊಪ್ಪಳಕ್ಕ ಹೋಗೂ ಹಂಗಿಲ್ಲ. ಹೊರಗಿನ ಝೋನಿನವರ ಜೋಡಿ ಆಡಿದ್ರೂ ಲೆಕ್ಕಕ್ಕ ಹಿಡೀತಾರ, ಆದ್ರ ಪೂರ್ತಿ ತೊಂಬತ್ತು ನಿಮಿಷ ಆಡಿರಬೇಕು, ಎರಡೂ ಕಡಿ ಸಹಿ ಇರಬೇಕು. ಅವನಿಗೆ ಉಳಿದದ್ದು ಒಂದ ವಾರ. ಉಳಿದ ಕಾಲೇಜಿನ್ಯಾಗ ಪರೀಕ್ಷಿ ಸುರು ಆಗಿತ್ತು, ಅವರದು ನಮ್ಮದು ಮಾತ್ರ ಮುಂದಕ್ಕ ಹೋಗಿತ್ತು. "ಮೇಡಂ, ಒಂದು ಸ್ನೇಹದ ಪಂದ್ಯ ಆಡೋಣು. ನಮ್ಮ ಮೈದಾನಕ್ಕ ಬರ್ರಿ, ಗಾಡಿ ನಾ ಕಳಿಸ್ತೀನಿ" ಅಂದ. ನಾನು ಯಾರಂತ ಅವನಿಗೆ ಗೊತ್ತಿರಲಿಲ್ಲ. ಹನ್ನೊಂದು ಗೋಲು ತಿಂದಾಕಿ ಹೆಸರು ಅಂವ ಯಾಕ ನೆನಪಿಡ್ತಾನ? ನಾಳಿ ಹೇಳ್ತೀನಿ ಅಂದು ಫೋನ್ ಇಟ್ಟೆ.

ಮರುದಿನ ಯಲಬುರ್ಗಾಕ್ಕ ಹೋದೆ. ಶರಣಮ್ಮನ್ನ ಅಲ್ಲಿಗೆ ಕೊಟ್ಟಾರ. ಬಸ್ ಸ್ಟ್ಯಾಂಡಿನ ಹಿಂದ ಹೊಲಿಗಿ ಅಂಗಡಿ ಇಟ್ಟುಕೊಂಡಾಳ, ಮಷೀನ್ ತುಳಿಯೂದು ಬಲಗಾಲಿಲೆ ಮಾತ್ರ. ಎಲ್ಲಾ ಹೇಳಿದೆ. "ಆಡೂದಿಲ್ಲ ಅಂತೀನಿ. ಅವನ ವರ್ಷ ಅಲ್ಲಿಗೆ ಮುಗೀತೈತಿ" ಅಂದೆ. ಆಕಿ ದಾರ ಹಲ್ಲಿಲೆ ಕಡಿದು ನನ್ನ ಕಡಿ ನೋಡಿದ್ಲು.

"ಅದರಾಗ ಏನು ಬಂತು? ಮನ್ಯಾಗ ಕುಂತು, ನಸೀಬ ಕೆಟ್ಟಿತ್ತು ಅಂತಾನ. ಕರಿ ಅವನ್ನ."

"ಎಲ್ಲಿಗೆ?"

"ಎಲ್ಲಿಗೆ ಬರಾಕ ಒಲ್ಲೆ ಅಂದಿದ್ನೋ ಅಲ್ಲಿಗೆ. ನಾನೂ ಬರ್ತೀನಿ. ನನಗ ಕಣ್ಣಿಲೆ ನೋಡೂದೈತಿ."

ನಾನು ದೇಸಾಯಿಗೆ ಮೂರು ಮಾತು ಹೇಳಿದೆ. ಮ್ಯಾಚು ಕುಷ್ಟಗಿಯೊಳಗ. ಬುಧವಾರ ಮಧ್ಯಾನ ಎರಡೂವರಿಗೆ. ಗುರುತಿನ ಚೀಟಿ ಇದ್ದ ವಿದ್ಯಾರ್ಥಿನಿಯರು ಮಾತ್ರ. ಅಂವ ಮುಂಜಾನಿ ಇಡ್ರಿ ಅಂದ, ಬಿಸಲಂದ. ಮುಂಜಾನಿ ಕ್ಲಾಸ್ ಅದಾವ ಅಂದೆ. ಸುಳ್ಳು ಸರ. ಕಡಿಗೆ "ಆತು ಬಿಡ್ರಿ" ಅಂದ. ಆ 'ಆತು ಬಿಡ್ರಿ' ಕೇಳಾಕ ನೀವು ಇರಬೇಕಿತ್ತು.

ಬುಧವಾರ ಅವನ ಬಸ್ಸು ಗೇಟಿನ ಹತ್ರ ನಿಂತಾಗ ನಾನು ಒಳಗಿಂದ ಎದ್ದು ಹೋಗಲಿಲ್ಲ. ಅಂವ ನಡಕೊಂಡು ಬಂದ. ತಲಿ ಬೆಳ್ಳಗಾಗೈತಿ, ಹೊಟ್ಟಿ ಬಂದೈತಿ, ಚಾಳಿ ಮಾತ್ರ ಹಂಗ ಐತಿ. ಹದಿಮೂರು ಮಂದಿ ಒಳಗ ಇಬ್ಬರ ಹತ್ರ ಗುರುತಿನ ಚೀಟಿ ಇರಲಿಲ್ಲ. "ಮರತು ಬಂದಾರ ಮೇಡಂ" ಅಂದ. "ಹಂಗಾದ್ರ ಹೊರಗ ಕೂಡಲಿ" ಅಂದೆ. ಅವರ ಗಂಗಾವತಿಯಿಂದ ಬಂದ ರೆಫ್ರಿ ಸೈತ ನನ್ನ ಮಾತು ಎತ್ತಿ ಹಿಡಿದ್ರು. ಹನ್ನೊಂದ ಮಂದಿ ಉಳಿದ್ರು, ಬದಲಿ ಇಳಿಸಾಕ ಒಬ್ಬರೂ ಇಲ್ಲ. ಹುಲ್ಲಿನ ಮ್ಯಾಗ ಓಡಿ ಬೆಳೆದ ಕಾಲು ಅವು. ನಮ್ಮ ಗರಸು ನೆಲದಾಗ ಬಾಲ್ ಎಲ್ಲಿ ಪುಟೀತೈತಿ ಅನ್ನೂದ ಅವಕ್ಕ ತಿಳೀಲಿಲ್ಲ. ಅರ್ಧ ಆಟಕ್ಕ ಎರಡು ಗೋಲು. ಮುಂದ ಹದಿನೈದು ನಿಮಿಷದಾಗ ಮತ್ತ ಮೂರು, ಒಟ್ಟು ಐದು. ಶರಣಮ್ಮ ಬೇವಿನ ಗಿಡದ ಕೆಳಗ ಕುರ್ಚಿ ಹಾಕಿಕೊಂಡು ಕುಂತಿದ್ಲು. ಪ್ರತಿ ಗೋಲಿಗೆ ಎಲ್ಲಾರೂ ಚಪ್ಪಾಳಿ ಹೊಡೀತಿದ್ರು, ಆಕಿ ಮಾತ್ರ ದೇಸಾಯಿ ಮುಖ ನೋಡ್ತಿದ್ಲು.

ಐದನೇ ಗೋಲಿನ ಮ್ಯಾಗ ಅಂವ ನನ್ನ ಹತ್ರ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. "ಬಿಸಲು ಭಾಳ ಐತಿ ಮೇಡಂ. ಹುಡುಗಿಯರು ಬೀಳ್ತಾರ. ಇಲ್ಲಿಗೆ ಮುಗಿಸಿ ಕಾಗದದಾಗ ಪೂರ್ತಿ ಆತು ಅಂತ ಬರಕೊಂಡ್ರ ಆತು."

"ಪೂರ್ತಿ ಆಡದಿದ್ರ ಮ್ಯಾಚು ಲೆಕ್ಕಕ್ಕ ಬರೂದಿಲ್ಲಲ್ಲರಿ ಸರ" ಅಂದೆ. "ನಿಮಗ ಬ್ಯಾಡಂದ್ರ ಈಗ ನಿಲ್ಲಿಸ್ತೀನಿ. ಹೇಳ್ರಿ. ನೀರಿಗಂತ ಐದು ನಿಮಿಷ ಬೇಕಾದ್ರ ಕೊಡ್ತೀನಿ."

ನೀರು ಕುಡಿಸಿದೆ ಸರ. ಆ ಮಕ್ಕಳದೇನು ತಪ್ಪು? ಅವರ ಗೋಲ್‌ಕೀಪರ್‌ಗ ನಾನ ಬಾಟ್ಲಿ ಕೊಟ್ಟೆ. ಮೊಣಕೈ ತರಚಿತ್ತು, ಅಳಾಕತ್ತಿದ್ಲು. ಕುಡಿದು, "ನಿಮ್ಮ ನೆಲ ಭಾಳ ಕೆಟ್ಟೈತ್ರಿ ಮೇಡಂ" ಅಂತ ಸಿಟ್ಟಿಲೆ ಅಂದು ಮತ್ತ ಗೋಲಿಗೆ ಹೋಗಿ ನಿಂತ್ಲು. ಆ ಹುಡುಗಿ ನನಗ ಹಿಡಿಸಿದ್ಲು. ಆದ್ರೂ ನಾನು ನಿಲ್ಲಿಸಲಿಲ್ಲ. ದೇಸಾಯಿ ಕೊನೀ ಅರ್ಧ ತಾಸು ಎಲ್ಲಿಗೂ ಹೋಗಾಕ ಬರದ, ಕೂಡಾಕ ಬರದ, ಗೆರಿ ಹತ್ರ ನಿಂತು ನೋಡಿದ.

ಆರನೇ ಗೋಲಿನ ಮ್ಯಾಗ ನಮ್ಮ ಹುಡುಗಿಯರು ಬಾಲ್ ತಮ್ಮ ತಮ್ಮೊಳಗ ಆಡಿಸಾಕ ಸುರು ಮಾಡಿದ್ರು. ಗೋಲಿನ ಕಡಿ ಹೋಗವಲ್ಲರು. "ಹೊಡೀರಿ" ಅಂತ ಒದರಿದೆ. ಗಿಡದ ಕೆಳಗಿಂದ ಶರಣಮ್ಮನೂ ಎದ್ದು ನಿಂತು, "ಹನ್ನೊಂದು ಆಗೂ ತನಕ ನಿಲ್ಲಿಸಬ್ಯಾಡ್ರಿ" ಅಂದ್ಲು. ನಾನು ಆಕಿ ಹಿಂಗ ದನಿ ಎತ್ತಿದ್ದು ಒಂಬತ್ತು ವರ್ಷದಾಗ ಕೇಳಿರಲಿಲ್ಲ. ಕ್ಯಾಪ್ಟನ್ ರೇಣುಕಾ ನನ್ನ ಕಡಿ ನೋಡಿ ತಲಿ ಅಲ್ಲಾಡಿಸಿದ್ಲು. ಆರಕ್ಕ ಮುಗೀತು. ಆಮ್ಯಾಲ ಕೇಳಿದ್ರ, "ಆ ಹುಡುಗಿ ಅಳಾಕತ್ತಿದ್ಲು ಮೇಡಂ, ಮತ್ತೇನು ಹೊಡೆಯೂದು?" ಅಂದ್ಲು. ಇದನ್ನ ಇವರಿಗೆ ಕಲಿಸಿದವರು ಯಾರು? ನಾನಂತೂ ಅಲ್ಲ.

ಸಹಿ ಮಾಡೂ ಕಾಗದ ಹಿಡಕೊಂಡು ದೇಸಾಯಿ ಸ್ಪೋರ್ಟ್ಸ್ ರೂಮಿಗೆ ಬಂದ. ನಾನು ಪೆನ್ನು ತಗೀಲಿಲ್ಲ. "ನಾನು ಖಾದರ್ ಸರ್ ಗೋಲ್‌ಕೀಪರ್. ನಿಮ್ಮ ಮೈದಾನದಾಗ ಹನ್ನೊಂದು ತಿಂದಾಕಿ" ಅಂದೆ. ಅವನ ಮುಖ ಬದಲಾತು. "ಓಹೋ, ಖಾದರ್... ಭಾಳ ಒಳ್ಳೇ ಮನುಷ್ಯಾ ಇದ್ದ" ಅಂದ.

"ಆ ಹೆಸರು ನಿಮ್ಮ ಬಾಯಾಗ ಬ್ಯಾಡ್ರಿ."

ಅಷ್ಟೊತ್ತಿಗೆ ಶರಣಮ್ಮ ಗೋಡಿ ಹಿಡಕೊಂಡು ಒಳಗ ಬಂದ್ಲು. ಇವರು ಗುರುತು ಸಿಕ್ತಾರೇನ್ರಿ ಅಂತ ಕೇಳಿದೆ. ಅಂವ ನೋಡಿದ, ಗೊತ್ತಾಗಲಿಲ್ಲ. ಆಕಿ ಅಂದ್ಲು, "ಮುಖ ನೆನಪಿರಲಿಕ್ಕಿಲ್ಲ. ಕಾಲು ನೋಡ್ರಿ." ದೇಸಾಯಿ ನೆಲ ನೋಡಿಕೋತ, "ಆಟದಾಗ ಹಿಂಗ ಆಗ್ತಿರತೈತಿ ತಂಗಿ" ಅಂದ.

"ಹೌದ್ರಿ. ಇವತ್ತೂ ಆತಲ್ಲ" ಅಂದ್ಲು ಶರಣಮ್ಮ.

ಕಾಗದ ಹರಿದು ಅವನ ಕೈಯಾಗ ಕೊಡಬೇಕಂತ ನಾನು ಮೂರು ದಿನದಿಂದ ಅಂದುಕೊಂಡಿದ್ದೆ. ನಿಜ ಹೇಳ್ತೀನಿ, ಅದಕ್ಕಂತ ಕರೆಸಿದ್ದೆ. ತೊಂಬತ್ತು ನಿಮಿಷ ಬಿಸಲಾಗ ನಿಲ್ಲಿಸಿ, ಆರು ಗೋಲು ತಿನಿಸಿ, ಕಡಿಗೆ ಸಹಿ ಇಲ್ಲ ಅನ್ನೂದು. ಶರಣಮ್ಮ ನನ್ನ ಮುಂದಿನ ಪೆನ್ನು ತಗೊಂಡು ನನ್ನ ಕೈಯಾಗ ಇಟ್ಟಳು. "ಸಹಿ ಮಾಡು ಮಂಜಿ. ಕೊಪ್ಪಳಕ್ಕ ಬರಲಿ ಇವರು. ಇಲ್ಲಿ ನಾವ ನೋಡಿದ್ವಿ. ಅಲ್ಲಿ ಊರ ನೋಡ್ತೈತಿ." ಸಹಿ ಮಾಡಿದೆ. ದಯಾ ಬಂದು ಮಾಡಿದೆ ಅಂತ ದೇಸಾಯಿ ತಿಳಕೊಂಡ, ಕೈ ಮುಗಿದ. ನಾನು ಮುಗೀಲಿಲ್ಲ.

ನಿನ್ನೆ ಯೂನಿವರ್ಸಿಟಿಯಿಂದ ಪಟ್ಟಿ ಬಂತು ಸರ. ಬರೂ ಶುಕ್ರವಾರ ಕೊಪ್ಪಳದ ಜಿಲ್ಲಾ ಕ್ರೀಡಾಂಗಣ, ಮುಂಜಾನಿ ಎಂಟಕ್ಕ ಮೊದಲನೇ ಮ್ಯಾಚು, ನಮ್ಮ ಕಾಲೇಜು ಮತ್ತ ದೇಸಾಯಿ ಕಾಲೇಜು. ಶರಣಮ್ಮನ ಹೆಸರು ತಂಡದ ಮ್ಯಾನೇಜರ್ ಅಂತ ಬರೆದು ಕಳಿಸೀನಿ, ಪ್ರಿನ್ಸಿಪಾಲರು ಒಪ್ಯಾರ. ಆಕಿ ನಾಕು ದಿನ ಅಂಗಡಿ ಬಾಗಿಲಾ ಹಾಕಿ ಬರ್ತಾಳ.

ಇವತ್ತ ಮುಂಜಾನಿ ಹುಡುಗಿಯರನ್ನ ಕೂಡಿಸಿ ಹಿಂದಿನದನ್ನೆಲ್ಲಾ ಹೇಳಿದೆ. ಹನ್ನೊಂದು ಗೋಲು, ಊದದ ಸೀಟಿ, ನಿಮಗ ಬಂದ ನೋಟಿಸು, ನಿಮ್ಮ ಐದು ಕಾಗದ, ಎಲ್ಲಾ. ಇವತ್ತಿನ ತನಕ ಅವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ರೇಣುಕಾ ಬೂಟಿನ ಲಾಡಿ ಬಿಗಿಯೂದು ನಿಲ್ಲಿಸಿ ನನ್ನ ಮುಖ ನೋಡಿದ್ಲು. "ಇದನ್ನ ಮೊದಲ ಹೇಳಬೇಕಿತ್ತು ಮೇಡಂ. ನಾವು ಆರಕ್ಕ ನಿಲ್ಲಿಸ್ತಿರಲಿಲ್ಲ."

ಆ ಮಾತು ಕೇಳಿ ನನಗ ಖುಷಿ ಆತು. ಆಗಬಾರದಿತ್ತೇನೋ... ನೀವಾಗಿದ್ರ ಅವರಿಗೆ ಹೇಳ್ತಿರಲಿಲ್ಲ, ಅದು ನನಗ ಗೊತ್ತೈತಿ ಸರ. ನಾನು ಹೇಳೀನಿ.

ನಿಮ್ಮ ಹುಡುಗಿ,
ಮಂಜುಳಾ